ಸೇವಂತಿಗೆ ತೋಟದ ರಾತ್ರಿ ದೀಪ: ಎಲ್‌ಇಡಿಯೋ, ಹಳೆಯ ಬಲ್ಬೋ?

ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ಕೋಲಾರದ ಕಡೆ ರಾತ್ರಿ ಹೊತ್ತು ಓಡಾಡುವವರಿಗೆ ಹೊಲದ ತುಂಬ ಸಾಲುಸಾಲಾಗಿ ಬಲ್ಬು ಉರಿಯುವುದು ಹೊಸ ನೋಟವಲ್ಲ. ಅವು ಹೆಚ್ಚಾಗಿ ಸೇವಂತಿಗೆ ತೋಟಗಳು. ಹೊಸದಾಗಿ ದೀಪ ಕಟ್ಟಲು ಹೊರಟವರು ಮೊದಲು ಕೇಳುವುದು ಎಷ್ಟು ವ್ಯಾಟಿನ ಬಲ್ಬು, ಯಾವ ಕಂಪನಿಯದು ಎಂದು. ಅದಕ್ಕೂ ಮೊದಲು ತಿಳಿಯಬೇಕಾದದ್ದು ಇನ್ನೊಂದಿದೆ. ಈ ದೀಪ ಗಿಡಕ್ಕೆ ಆಹಾರ ಕೊಡಲು ಇರುವುದಲ್ಲ. ರಾತ್ರಿ ಇನ್ನೂ ಉದ್ದವಾಗಿಲ್ಲ ಎಂದು ಗಿಡಕ್ಕೆ ಸುಳಿವು ಕೊಡಲು ಮಾತ್ರ.

ಈ ವ್ಯತ್ಯಾಸ ಗೊತ್ತಿಲ್ಲದೆ ದುಡ್ಡು ಕಳೆದುಕೊಳ್ಳುವವರು ಬಹಳ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 2000 ಮೈಕ್ರೋಮೋಲ್ (ಗಿಡಕ್ಕೆ ಸಿಗುವ ಬೆಳಕಿನ ಅಳತೆ) ಬೆಳಕು ಬೀಳುತ್ತದೆ. ಕೋಣೆಯೊಳಗೆ ಬರೀ ದೀಪದಲ್ಲಿ ಗಿಡ ಬೆಳೆಸುವವರು ನೂರಾರು ಮೈಕ್ರೋಮೋಲ್ ಒದಗಿಸಬೇಕು. ಅದಕ್ಕೇ ಅವರಿಗೆ 600 ವ್ಯಾಟಿನ ಸೋಡಿಯಂ ದೀಪವೋ, ಅದಕ್ಕೆ ಸಮನಾದ ಎಲ್‌ಇಡಿ ಫಲಕವೋ ಬೇಕಾಗುತ್ತದೆ. ಸೇವಂತಿಗೆಯ ಮೊಗ್ಗು ತಡೆಯಲು ಒಂದೆರಡು ಮೈಕ್ರೋಮೋಲ್ ಸಾಕು. ಹಾಗಾಗಿ ಆನ್‌ಲೈನಿನಲ್ಲಿ ಮಾರುವ ನೇರಳೆ ಬಣ್ಣದ 'ಗ್ರೋ ಲೈಟ್' ಈ ಕೆಲಸಕ್ಕೆ ಬೇಡವೇ ಬೇಡ. ಬೆಲೆ ಹಲವು ಪಟ್ಟು, ಮೇಲಾಗಿ ಅದರಲ್ಲಿರುವ ನೀಲಿಯ ಪಾಲು ಇಲ್ಲಿ ಬಹುಮಟ್ಟಿಗೆ ದಂಡ.

ಸೇವಂತಿಗೆ ರಾತ್ರಿಯ ಉದ್ದ ನೋಡಿ ಮೊಗ್ಗಿಡುವ ಗಿಡ. ಹಗಲು ಸುಮಾರು 13½ ಗಂಟೆಗಿಂತ ಕಡಿಮೆಯಾದರೆ ಮೊಗ್ಗು ಕಚ್ಚಿ ಹೂವಾಗುತ್ತದೆ. ತಳಿಯಿಂದ ತಳಿಗೆ ಇದು ಅಷ್ಟಿಷ್ಟು ಬದಲಾಗುತ್ತದೆ. ಬೆಂಗಳೂರಿನ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಗೆ ಹಗಲು ಸುಮಾರು 11 ಗಂಟೆ 20 ನಿಮಿಷ, ಜೂನ್‌ನಲ್ಲಿ ಅತಿ ಹೆಚ್ಚೆಂದರೆ 12 ಗಂಟೆ 50 ನಿಮಿಷದ ಆಸುಪಾಸು. ಅಂದರೆ ನಮ್ಮಲ್ಲಿ ವರ್ಷದ ಯಾವ ತಿಂಗಳಲ್ಲೂ ಹಗಲು ಆ ಗಡಿ ಮುಟ್ಟುವುದಿಲ್ಲ. ಜೂನ್‌ನಲ್ಲಿ ನಸುಕು ಮತ್ತು ಮುಸ್ಸಂಜೆಯ ಬೆಳಕು ಸೇರಿದಾಗ ಮಾತ್ರ ಗಡಿಯ ಹತ್ತಿರ ಬರುತ್ತದೆ, ಅದಕ್ಕೇ ಮುಂಗಾರಿನಲ್ಲಿ ನೆಟ್ಟ ಗಿಡ ಒಂದಷ್ಟು ಮೈ ತುಂಬಿಕೊಂಡು ಆಮೇಲೆ ಹೂ ಬಿಡುತ್ತದೆ. ಬೇರೆ ತಿಂಗಳಲ್ಲಿ ನೆಟ್ಟ ಸಸಿ ಗೇಣುದ್ದ ಆಗುವುದರೊಳಗೆ ಮೊಗ್ಗು ಕಚ್ಚಿಬಿಡುತ್ತದೆ. ಗಿಡ ಕುಳ್ಳು, ಕವಲು ಕಡಿಮೆ, ಹೂ ಬೆರಳೆಣಿಕೆಯಷ್ಟು. ದೀಪ ಹಾಕುವುದು ಇದನ್ನು ತಪ್ಪಿಸಿ ಗಿಡಕ್ಕೆ ಐದಾರು ವಾರ ಹೆಚ್ಚಿಗೆ ಬೆಳೆಯಲು ಕಾಲ ಕೊಡುವುದಕ್ಕೆ.

ಕತ್ತಲನ್ನು ಅಳೆಯುವ ಕೆಲಸ ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ಬಣ್ಣದ್ರವ್ಯದ್ದು. 660 ನ್ಯಾನೋಮೀಟರ್ (ಬೆಳಕಿನ ಬಣ್ಣವನ್ನು ಗುರುತಿಸುವ ತರಂಗದ ಅಳತೆ) ಸುತ್ತಲಿನ ಕೆಂಪು ಬೆಳಕು ಅದನ್ನು ಎಚ್ಚರದ ರೂಪಕ್ಕೆ ತರುತ್ತದೆ. 730 ನ್ಯಾನೋಮೀಟರಿನ ಕಡುಗೆಂಪು, ನಮ್ಮ ಕಣ್ಣಿಗೆ ಕಂಡೂ ಕಾಣದಂಥದ್ದು, ಅದನ್ನು ವಾಪಸ್ ತಿರುಗಿಸುತ್ತದೆ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನ ವಿಜ್ಞಾನಿಗಳು ಲೆಟ್ಯೂಸ್ ಬೀಜದ ಮೇಲೆ ಈ ಎರಡು ಬೆಳಕನ್ನು ಒಂದರ ಮೇಲೊಂದು ಬಿಟ್ಟು ತೋರಿಸಿದ್ದು ಇದನ್ನೇ. ಕತ್ತಲಲ್ಲಿ ಎಚ್ಚರದ ರೂಪ ನಿಧಾನವಾಗಿ ಕರಗುತ್ತದೆ. ನಡುರಾತ್ರಿ ಕೆಂಪು ಬೆಳಕು ಬಿದ್ದರೆ ಮತ್ತೆ ತುಂಬಿಕೊಳ್ಳುತ್ತದೆ, ಗಿಡದ ಪಾಲಿಗೆ ಒಂದು ಉದ್ದ ರಾತ್ರಿ ಎರಡು ಗಿಡ್ಡ ರಾತ್ರಿಗಳಾಗುತ್ತವೆ. ದೀಪ ಆಯ್ಕೆ ಮಾಡುವಾಗ ಕೇಳಬೇಕಾದ ಪ್ರಶ್ನೆ ಇಷ್ಟೇ: ಇದರಲ್ಲಿ ಕೆಂಪು ಎಷ್ಟಿದೆ, ಕಡುಗೆಂಪು ಎಷ್ಟಿದೆ, ಅದು ಎಲೆಗೆಲ್ಲ ಸಮನಾಗಿ ತಲುಪುತ್ತದೆಯೇ?

ಹಳೆಯ ತಂತುವಿನ ಬುರುಡೆ ಬಲ್ಬಿನಲ್ಲಿ ಕೆಂಪು ಧಾರಾಳ. ಮೊಗ್ಗು ತಡೆಯುವುದರಲ್ಲಿ ಅದಕ್ಕೆ ಹೆಸರಿಡುವ ಹಾಗಿಲ್ಲ, ದಶಕಗಳ ಕಾಲ ಜಗತ್ತಿನ ಸೇವಂತಿಗೆಯೆಲ್ಲ ಅದರ ಕೆಳಗೇ ಬೆಳೆದದ್ದು. ಆದರೆ ಕೆಂಪಿಗಿಂತ ಕಡುಗೆಂಪು ಅದರಲ್ಲಿ ಇನ್ನೂ ಹೆಚ್ಚು. ಕಡುಗೆಂಪು ಹೆಚ್ಚಾದಾಗ ಗಿಡಕ್ಕೆ ಪಕ್ಕದ ಗಿಡದ ನೆರಳಿನಲ್ಲಿ ಸಿಕ್ಕಿಕೊಂಡ ಭಾವನೆ ಬರುತ್ತದೆ, ಕಾಂಡ ಸೊರಗಿ ಉದ್ದಕ್ಕೆ ಎಳೆಯುತ್ತದೆ. ಗೆಣ್ಣಿನ ನಡುವಿನ ಅಂತರ ಹೆಚ್ಚುತ್ತದೆ, ಮಳೆಗಾಳಿಗೆ ಗಿಡ ಮಲಗುತ್ತದೆ. ಬಿಡಿ ಹೂವಿಗೆ ಬೆಳೆಯುವವರಿಗೆ ಇದು ನಷ್ಟ. ಇನ್ನು ಕರೆಂಟಿನ ಬಹುಪಾಲು ಶಾಖವಾಗಿಯೇ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದೇ.

ಸಿಎಫ್‌ಎಲ್‌ನಲ್ಲಿ ಕಡುಗೆಂಪು ತೀರ ಕಡಿಮೆ, 611 ನ್ಯಾನೋಮೀಟರಿನಲ್ಲಿ ಒಳ್ಳೆಯ ಕೆಂಪು ಏರು ಇದೆ. ಗಿಡ ಗಟ್ಟಿಮುಟ್ಟಾಗಿ ಬರುತ್ತದೆ. ಪೂರ್ತಿ ಬೆಳಕಿಗೆ ಬರಲು ಒಂದೆರಡು ನಿಮಿಷ ಹಿಡಿಯುತ್ತದೆ, ಪದೇ ಪದೇ ಆನ್ ಆಫ್ ಮಾಡಿದರೆ ಬೇಗ ಸಾಯುತ್ತದೆ, ಒಡೆದರೆ ಪಾದರಸ ಮಣ್ಣಿಗೆ ಸೇರುತ್ತದೆ. ಸೋಡಿಯಂ ಆವಿಯ ದೀಪವೂ ಮೊಗ್ಗು ತಡೆಯುತ್ತದೆ, ಆದರೆ ಒಂದೇ ಕಂಬದ ಮೇಲಿಂದ ದೊಡ್ಡ ಜಾಗಕ್ಕೆ ಬೆಳಕು ಚೆಲ್ಲುವಾಗ ಕಂಬದ ಬುಡದಲ್ಲಿ ಹೆಚ್ಚು, ಅಂಚಿನಲ್ಲಿ ಏನೂ ಇಲ್ಲ ಎಂಬಂತಾಗುತ್ತದೆ. ಚಿಕ್ಕ ಹಿಡುವಳಿಗೆ ಅದು ಹೊಂದುವುದಿಲ್ಲ.

ಎಲ್‌ಇಡಿಯಲ್ಲಿ ಎರಡು ಬಗೆಯವನ್ನು ಬೇರೆಬೇರೆಯಾಗಿ ನೋಡಬೇಕು. ಅಂಗಡಿಯಲ್ಲಿ ಸಿಗುವ ಬಿಳಿ ಬಲ್ಬಿನೊಳಗೆ ಇರುವುದು ನೀಲಿ ಎಲ್‌ಇಡಿ, ಅದರ ಮೇಲೆ ಹಳದಿ ಲೇಪ. 6500 ಕೆಲ್ವಿನ್ (ಬೆಳಕಿನ ಛಾಯೆಯ ಅಳತೆ) ಎಂದು ಬರೆದಿರುವ ಹಾಲುಬಿಳುಪಿನ ಬಲ್ಬಿನಲ್ಲಿ ನೀಲಿ ಹೆಚ್ಚು, ಕೆಂಪು ಕಡಿಮೆ. 2700 ಅಥವಾ 3000 ಕೆಲ್ವಿನ್‌ನ ಹಳದಿ ಛಾಯೆಯ 'ವಾರ್ಮ್ ವೈಟ್'ನಲ್ಲಿ ಅದೇ ವ್ಯಾಟಿಗೆ ಕೆಂಪು ಸ್ಪಷ್ಟವಾಗಿ ಹೆಚ್ಚು, ಕಡುಗೆಂಪು ನಗಣ್ಯ. ಸೇವಂತಿಗೆಗೆ ಬೇಕಾದದ್ದು ಇದೇ. ಹಳ್ಳಿಯ ಅಂಗಡಿಗಳಲ್ಲಿ ಹಾಲುಬಿಳುಪಿನದೇ ರಾಶಿ ಬಿದ್ದಿರುತ್ತದೆ, ವಾರ್ಮ್ ವೈಟ್ ಬೇಕೆಂದರೆ ಮೊದಲೇ ಹೇಳಿ ತರಿಸಬೇಕು. ಆ ಕಷ್ಟ ಪಟ್ಟರೆ ಲಾಭವಿದೆ. ಇನ್ನೊಂದು ಅನುಕೂಲವೂ ಇದೆ: ರಾತ್ರಿ ಹಾರುವ ಪತಂಗಗಳು ನೀಲಿ ಮತ್ತು ಅತಿನೇರಳೆ ಬೆಳಕಿಗೆ ಹೆಚ್ಚು ಮುತ್ತುತ್ತವೆ, ಹಳದಿ ಛಾಯೆಗೆ ಕಡಿಮೆ. ಕಾಯಿಕೊರಕದ ಪತಂಗವನ್ನು ನಾವೇ ದೀಪ ಹಚ್ಚಿ ತೋಟಕ್ಕೆ ಕರೆಯುವುದು ಬೇಡ.

ಎರಡನೆಯ ಬಗೆ 660 ನ್ಯಾನೋಮೀಟರಿನ ಶುದ್ಧ ಕೆಂಪು ಎಲ್‌ಇಡಿ. ತತ್ವದಲ್ಲಿ ಇದಕ್ಕಿಂತ ಮಿತವ್ಯಯದ್ದು ಇಲ್ಲ. ಪಾಲಿಹೌಸಿನಲ್ಲಿ ವರ್ಷವಿಡೀ ದೀಪ ಹಾಕುವವರು ಯೋಚಿಸಬಹುದು. ಬಯಲಿನ ತೋಟಕ್ಕೆ ಬೆಲೆ ಹೆಚ್ಚು, ಸುಟ್ಟರೆ ಊರಲ್ಲಿ ಸಿಗುವುದಿಲ್ಲ. ಇದನ್ನು ಲಕ್ಸ್ ಮೀಟರಿನಲ್ಲಿ ಅಳೆಯಲು ಹೋಗಬೇಡಿ: ಲಕ್ಸ್ ಎನ್ನುವುದು ಮನುಷ್ಯರ ಕಣ್ಣಿನ ಅಳತೆ, 660ರಲ್ಲಿ ನಮ್ಮ ಕಣ್ಣಿನ ಗ್ರಹಣಶಕ್ತಿ ಹಸಿರಿಗೆ ಹೋಲಿಸಿದರೆ ನೂರಕ್ಕೆ ಆರರಷ್ಟು ಮಾತ್ರ. ಗಿಡಕ್ಕೆ ಸಾಕಷ್ಟಿದ್ದರೂ ಮೀಟರು ಏನೂ ಇಲ್ಲವೆಂದೇ ತೋರಿಸುತ್ತದೆ.

ಈಗ ಲೆಕ್ಕಕ್ಕೆ ಬರೋಣ. 9 ವ್ಯಾಟಿನ ಒಳ್ಳೆಯ ಎಲ್‌ಇಡಿ ಬಲ್ಬು ಸುಮಾರು 900 ಲ್ಯೂಮೆನ್ (ಬಲ್ಬು ಚೆಲ್ಲುವ ಒಟ್ಟು ಬೆಳಕಿನ ಅಳತೆ) ಕೊಡುತ್ತದೆ, 60 ವ್ಯಾಟಿನ ಬುರುಡೆ ಬಲ್ಬಿಗಿಂತ ಚೂರು ಹೆಚ್ಚೇ. ಸಾಲಿನಿಂದ ಸಾಲಿಗೆ 10 ಅಡಿ, ಬಲ್ಬಿನಿಂದ ಬಲ್ಬಿಗೆ 8 ಅಡಿ ಇಟ್ಟರೆ ಗುಂಟೆಗೆ 14, ಎಕರೆಗೆ 545 ಬಲ್ಬು. ಎಲ್‌ಇಡಿಯಾದರೆ ಒಟ್ಟು 4.9 ಕಿಲೋವ್ಯಾಟ್, ರಾತ್ರಿ 4 ಗಂಟೆಗೆ ಸುಮಾರು 20 ಯೂನಿಟ್. 15 ವ್ಯಾಟಿನ ಸಿಎಫ್‌ಎಲ್ ಆದರೆ 8.2 ಕಿಲೋವ್ಯಾಟ್, 33 ಯೂನಿಟ್. 60 ವ್ಯಾಟಿನ ಬುರುಡೆಯಾದರೆ 32.7 ಕಿಲೋವ್ಯಾಟ್, 131 ಯೂನಿಟ್. ಯೂನಿಟ್ಟಿಗೆ ₹7 ಎಂದು ಹಿಡಿದು 40 ರಾತ್ರಿಗೆ ಗುಣಿಸಿದರೆ ಬುರುಡೆ ಬಲ್ಬಿನ ಬಿಲ್ಲು ಸುಮಾರು ₹36,600, ಎಲ್‌ಇಡಿಯದು ₹5,500. ಬಲ್ಬಿಗೆ ₹90ರಂತೆ 545 ಬಲ್ಬಿಗೆ ₹49,000 ಆದೀತು. ಎರಡು ಬೆಳೆಯಲ್ಲಿ ಆ ದುಡ್ಡು ವಾಪಸ್. ಸಿಎಫ್‌ಎಲ್ ಈಗಾಗಲೇ ಕಟ್ಟಿರುವವರ ಲೆಕ್ಕ ಬೇರೆ. ಅವರಿಗೆ ಉಳಿತಾಯ ಬೆಳೆಗೆ ₹3,700ರ ಆಸುಪಾಸು ಮಾತ್ರ, ಆದ್ದರಿಂದ ಚೆನ್ನಾಗಿರುವುದನ್ನು ಕಿತ್ತು ಬಿಸಾಡುವ ಅಗತ್ಯವಿಲ್ಲ. ಸತ್ತದ್ದರ ಜಾಗಕ್ಕೆ ಎಲ್‌ಇಡಿ ಹಾಕುತ್ತಾ ಬಂದರೆ ಸಾಕು.

ಬಿಲ್ಲಿಗಿಂತಲೂ ದೊಡ್ಡ ಕಾರಣ ಲೋಡು. 33 ಕಿಲೋವ್ಯಾಟನ್ನು ಹಳ್ಳಿಯ ಸಿಂಗಲ್ ಫೇಸ್ ಲೈನಿನಿಂದ ಎಳೆಯುವುದು ಆಗದ ಮಾತು. 5 ಕಿಲೋವ್ಯಾಟ್ ಆಗುತ್ತದೆ. ಕರೆಂಟು ಹೋದರೆ 7.5 ಕೆವಿಎ ಜನರೇಟರಿನಲ್ಲೂ ನಡೆಯುತ್ತದೆ. ಪಂಪ್‌ಸೆಟ್ಟಿಗೆಂದು ಕೊಟ್ಟಿರುವ ಸಂಪರ್ಕದಿಂದ ದೀಪಕ್ಕೆ ಎಳೆಯಬೇಡಿ. ಅದು ನೀರೆತ್ತಲು ಕೊಟ್ಟದ್ದು, ಮೇಲಾಗಿ ಅದರ ತ್ರೀ ಫೇಸ್ ಪೂರೈಕೆ ನಮಗೆ ಬೇಕಾದ ಹೊತ್ತಿಗೆ ಇರುತ್ತದೆಂಬ ಭರವಸೆಯೂ ಇಲ್ಲ. ದೀಪಕ್ಕೆ ಬೇರೆ ಮೀಟರು ಹಾಕಿಸಿಕೊಳ್ಳಿ.

ವೈರಿಂಗಿನಲ್ಲಿ ಒಂದೇ ಉದ್ದ ಲೈನು ಬೇಡ. ಎಕರೆಯನ್ನು ಆರು ಲೈನು ಮಾಡಿದರೆ ಒಂದೊಂದರಲ್ಲಿ 90 ಚಿಲ್ಲರೆ ಬಲ್ಬು, 4 ಆಂಪಿಯರಿನ ಒಳಗೆ. 1.5 ಚದರ ಮಿಲಿಮೀಟರಿನ ತಾಮ್ರದ ವೈರು ಸಾಕು, 100 ಮೀಟರ್ ಉದ್ದಕ್ಕೆ ಹಂಚಿದ ಲೋಡಿನಲ್ಲಿ ವೋಲ್ಟೇಜ್ ಐದಾರು ವೋಲ್ಟ್ ಇಳಿಯುತ್ತದೆ ಅಷ್ಟೆ. ಲೈನಿಗೊಂದು 6 ಆಂಪಿಯರಿನ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು), ಅದು 'ಸಿ' ಬಗೆಯದಾಗಿರಲಿ: ನೂರು ಎಲ್‌ಇಡಿ ಒಟ್ಟಿಗೆ ಹೊತ್ತಿಕೊಳ್ಳುವ ಕ್ಷಣದಲ್ಲಿ ಕರೆಂಟು ಒಮ್ಮೆಲೇ ನುಗ್ಗುತ್ತದೆ, 'ಬಿ' ಬಗೆಯದು ಸುಮ್ಮಸುಮ್ಮನೆ ಬೀಳುತ್ತದೆ. ಕರೆಂಟು ನೆಲಕ್ಕೋ ಮನುಷ್ಯರಿಗೋ ಸೋರಿದರೆ ತಕ್ಷಣ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡ್ಡಾಯ. ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ಹೂ ಕೀಳುವ ಹೆಂಗಸರು ಓಡಾಡುವ ಜಾಗ ಅದು, ಇಲ್ಲಿ ದುಡ್ಡು ಉಳಿಸುವ ಯೋಚನೆಯೇ ಸಲ್ಲದು. ಇಡೀ ಎಕರೆಗೆ ಒಂದೇ ಆರ್‌ಸಿಸಿಬಿ ಹಾಕಿದರೆ ಎಲ್ಲೋ ಒಂದು ಹೋಲ್ಡರಿಗೆ ನೀರಿಳಿದು ಪೂರ್ತಿ ತೋಟ ಕತ್ತಲಾಗುತ್ತದೆ, ಎರಡು ಲೈನಿಗೊಂದರಂತೆ ಹಾಕಿ. ಟೈಮರಿನ ಮೂಲಕ ನೇರವಾಗಿ 20 ಆಂಪಿಯರ್ ಹರಿಸಬೇಡಿ, ಅದರೊಳಗಿನ ರಿಲೇ ಅಂಟಿಕೊಳ್ಳುತ್ತದೆ. ಟೈಮರು ಕಾಂಟಾಕ್ಟರನ್ನು (ದೊಡ್ಡ ಲೋಡು ತಾಳುವ, ಕರೆಂಟಿನಿಂದಲೇ ನಡೆಯುವ ಸ್ವಿಚ್ಚು) ಎಳೆಯಲಿ, ಕಾಂಟಾಕ್ಟರು ದೀಪ ಹೊತ್ತಿಸಲಿ. ಟೈಮರಿಗೆ ಒಳಗೆ ಬ್ಯಾಟರಿ ಇರಬೇಕು, ಇಲ್ಲದಿದ್ದರೆ ಕರೆಂಟು ಹೋಗಿ ಬಂದಾಗಲೆಲ್ಲ ಗಡಿಯಾರ ಹಿಂದೆ ಬಿದ್ದು ಕೊನೆಗೆ ಮಧ್ಯಾಹ್ನ ದೀಪ ಹೊತ್ತುತ್ತದೆ.

ಬಲ್ಬಿನ ಡಬ್ಬಿಯ ಮೇಲೆ 15,000 ಗಂಟೆ, 25,000 ಗಂಟೆ ಬಾಳಿಕೆ ಎಂದಿರುತ್ತದೆ. ವರ್ಷಕ್ಕೆ ಎರಡು ಬೆಳೆ, ಬೆಳೆಗೆ 40 ರಾತ್ರಿ, ರಾತ್ರಿಗೆ 4 ಗಂಟೆ ಎಂದರೆ 320 ಗಂಟೆ. ಆ ಲೆಕ್ಕದಲ್ಲಿ ಬಲ್ಬು ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕು, ಉಳಿಯುವುದಿಲ್ಲ. ತೋಟದಲ್ಲಿ ಎಲ್‌ಇಡಿ ಸವೆದು ಸಾಯುವುದಲ್ಲ, ಸಿಡಿಲಿನ ಹೊಡೆತಕ್ಕೆ, ಇಲ್ಲವೇ ನೀರು ಹೊಕ್ಕು ಸಾಯುತ್ತದೆ. ಆದ್ದರಿಂದ ಗಂಟೆ ನೋಡಿ ಕೊಳ್ಳಬೇಡಿ. ಸರ್ಜ್ (ಲೈನಿನಲ್ಲಿ ಒಮ್ಮೆಲೇ ನುಗ್ಗುವ ವೋಲ್ಟೇಜ್) ತಾಳಿಕೆ 4 ಕಿಲೋವೋಲ್ಟ್ ಇದೆಯೇ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) 0.9 ಇದೆಯೇ ನೋಡಿ. 0.5 ಇರುವ ಅಗ್ಗದ ಬಲ್ಬು ಅದೇ 9 ವ್ಯಾಟಿಗೆ ಹೆಚ್ಚುಕಡಿಮೆ ಎರಡು ಪಟ್ಟು ಆಂಪಿಯರ್ ಎಳೆಯುತ್ತದೆ, ಮೇಲೆ ಹೇಳಿದ ವೈರಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಪ್ಯಾನೆಲ್ಲಿನಲ್ಲಿ ಒಂದು ಸರ್ಜ್ ಅರೆಸ್ಟರ್, ಸರಿಯಾದ ಅರ್ತಿಂಗ್ ಇರಲಿ. ಬುರುಡೆ ಬಲ್ಬಿಗೂ ಹಳ್ಳಿಯ ವೋಲ್ಟೇಜಿಗೂ ಎಂದೂ ಆಗಿಬರಲಿಲ್ಲ: ವೋಲ್ಟೇಜ್ ಶೇಕಡಾ 5 ಹೆಚ್ಚಾದರೆ ಅದರ ಆಯಸ್ಸು ಅರ್ಧಕ್ಕಿಳಿಯುತ್ತದೆ, ಶೇಕಡಾ 10 ಕಡಿಮೆಯಾದರೆ ಬೆಳಕು ಶೇಕಡಾ 30ರಷ್ಟು ಕುಸಿಯುತ್ತದೆ. ಒಳ್ಳೆಯ ಡ್ರೈವರ್ (ಬಲ್ಬಿನೊಳಗೆ ಕರೆಂಟನ್ನು ಹದಗೊಳಿಸುವ ಸರ್ಕ್ಯೂಟ್) ಇರುವ ಎಲ್‌ಇಡಿ ಈ ಏರಿಳಿತದಲ್ಲೂ ಒಂದೇ ಸಮ ಉರಿಯುತ್ತದೆ.

ನೀರಿನ ಕಾಟಕ್ಕೆ ರೈತರು ಕಂಡುಕೊಂಡ ಉಪಾಯ ಚೆನ್ನಾಗಿದೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಬುಡ ಕತ್ತರಿಸಿ, ಕತ್ತಿನ ತೂತಿನಿಂದ ವೈರು ತೂರಿಸಿ ಹೋಲ್ಡರಿಗೆ ಕೊಡೆ ಮಾಡುವುದು. ವೈರು ತೂರಿದ ಜಾಗವನ್ನು ಮೇಣ ಅಥವಾ ಸೀಲಂಟ್‌ನಿಂದ ಮುಚ್ಚಿ, ಕೆಳಗಡೆ ಪೂರ್ತಿ ತೆರೆದಿರಲಿ. ಬಲ್ಬನ್ನೇ ಮುಚ್ಚಿಬಿಟ್ಟರೆ ಡ್ರೈವರಿನ ಶಾಖ ಹೊರಹೋಗದೆ ಬೇಗ ಸುಡುತ್ತದೆ. ಔಷಧಿ ಹೊಡೆದ ಮೇಲೆ ಬಲ್ಬಿನ ಮೇಲೆ ಬಿಳಿ ಪದರ ಕೂರುತ್ತದೆ, ಅದನ್ನು ಒರೆಸದಿದ್ದರೆ ಬೆಳಕು ದಿನೇ ದಿನೇ ಕುಗ್ಗುವುದು ಗೊತ್ತೇ ಆಗುವುದಿಲ್ಲ.

ಬಲ್ಬು ಗಿಡದ ತುದಿಯಿಂದ 4–5 ಅಡಿ ಮೇಲಿರಲಿ. ಹತ್ತಿರ ಕಟ್ಟಿದರೆ ಕೆಳಗೊಂದು ಬೆಳಕಿನ ವೃತ್ತ, ನಡುವೆ ಕತ್ತಲು. ರಾತ್ರಿ ಲಕ್ಸ್ ಮೀಟರ್ ಹಿಡಿದು ನಾಲ್ಕು ಬಲ್ಬಿನ ನಡುಮಧ್ಯದಲ್ಲಿ ಗಿಡದ ತುದಿಯ ಎತ್ತರಕ್ಕೆ ಅಳೆಯಿರಿ. ಅಲ್ಲಿ 70ರಿಂದ 100 ಲಕ್ಸ್ ಇದ್ದರೆ ನಿಶ್ಚಿಂತೆ, ಎಲ್ಲೂ 50ಕ್ಕಿಂತ ಕೆಳಗೆ ಬರಬಾರದು. ಬಂದರೆ ಆ ಲೈನಿಗೆ 12 ವ್ಯಾಟಿನದು ಹಾಕಿ. ಮೊಬೈಲಿನ ಆ್ಯಪ್ ನಿಖರವಲ್ಲ, ಆದರೂ ಈ ಮೂಲೆಗಿಂತ ಆ ಮೂಲೆ ಎಷ್ಟು ಮಂದ ಎಂದು ಹೋಲಿಸಲು ಆಗುತ್ತದೆ. ಅಂಚಿನ ಸಾಲುಗಳಿಗೆ ಒಂದೇ ಕಡೆಯಿಂದ ಬೆಳಕು ಬರುವುದರಿಂದ ಕೊನೆಯ ಬಲ್ಬಿನ ಸಾಲು ಗಿಡದ ಕೊನೆಯ ಸಾಲಿನ ಮೇಲೇ ಇರಬೇಕು.

ಯಾವಾಗ ಹೊತ್ತಿಸಬೇಕು? ರಾತ್ರಿ 10ರಿಂದ 2. ಡಿಸೆಂಬರಿನಲ್ಲಿ ಸಂಜೆ 6ಕ್ಕೆ ಕತ್ತಲಾಗಿ ಬೆಳಗ್ಗೆ 6½ಕ್ಕೆ ಬೆಳಕಾದರೂ ಆಚೆ ನಾಲ್ಕು, ಈಚೆ ನಾಲ್ಕೂವರೆ ಗಂಟೆ ಕತ್ತಲು, ಅಷ್ಟರಲ್ಲಿ ಮೊಗ್ಗಿನ ಮಾತಿಲ್ಲ. ಸಂಜೆ 6ರಿಂದ 8ರವರೆಗೆ ಮಾತ್ರ ಹಚ್ಚಿ ದೀಪ ಹಾಕಿದ್ದೇವೆ ಎನ್ನುವವರಿದ್ದಾರೆ. ಆಗ 8ರಿಂದ ಬೆಳಗಿನವರೆಗೆ ಹತ್ತೂವರೆ ಗಂಟೆ ಒಂದೇ ಸಮ ಕತ್ತಲು ಉಳಿಯುತ್ತದೆ, ಮೊಗ್ಗು ಬಂದೇ ಬರುತ್ತದೆ. ಒಂದು ರಾತ್ರಿ ಕರೆಂಟು ಕೈಕೊಟ್ಟರೆ ಗಾಬರಿ ಬೇಡ. ಮೂರ್ನಾಲ್ಕು ರಾತ್ರಿ ಸತತವಾಗಿ ತಪ್ಪಿದರೆ ತುದಿಯಲ್ಲಿ ಮೊಗ್ಗು ಶುರುವಾಗುತ್ತದೆ. 10ಕ್ಕೆ ಇಲ್ಲದ ಕರೆಂಟು 1ಕ್ಕೆ ಬಂದರೆ ಅಲ್ಲಿಂದ 4ರವರೆಗೆ ಕೈಯಿಂದ ಹೊತ್ತಿಸಿ, ರಾತ್ರಿ ಪೂರ್ತಿ ಬಿಡಬೇಡಿ.

ಸಿಎಫ್‌ಎಲ್‌ಗೆ ಒಗ್ಗದ, ಎಲ್‌ಇಡಿಗೆ ಚೆನ್ನಾಗಿ ಒಗ್ಗುವ ಒಂದು ಮಿತವ್ಯಯದ ದಾರಿಯಿದೆ. ತೋಟವನ್ನು ಮೂರು ಭಾಗ ಮಾಡಿ, ಅರ್ಧ ಗಂಟೆಯಲ್ಲಿ ಒಂದೊಂದು ಭಾಗಕ್ಕೆ 10 ನಿಮಿಷದಂತೆ ಸರದಿಯಲ್ಲಿ ಹೊತ್ತಿಸುವುದು. 10ರಿಂದ 2ರವರೆಗೆ ಹೀಗೇ ಸುತ್ತುತ್ತದೆ. ಲೋಡು 4.9 ಕಿಲೋವ್ಯಾಟಿನಿಂದ 1.6ಕ್ಕೆ, ಯೂನಿಟ್ಟು 20ರಿಂದ ಆರೂವರೆಗೆ ಇಳಿಯುತ್ತದೆ. ಫೈಟೋಕ್ರೋಮ್ 20 ನಿಮಿಷದ ಕತ್ತಲಲ್ಲಿ ಹೆಚ್ಚು ಕರಗುವುದಿಲ್ಲ, ಹಾಗಾಗಿ ಇದು ಕೆಲಸ ಮಾಡುತ್ತದೆ. ಆದರೆ ಬೆಳಕು 100 ಲಕ್ಸ್ ಇರಲೇಬೇಕು, ಕರೆಂಟು ಆಗಾಗ ಹೋಗುವ ಊರಿನಲ್ಲಿ ಬೇಡ. ಮೊದಲ ಬೆಳೆಗೆ ಪೂರ್ತಿ 4 ಗಂಟೆ ಹಾಕಿ, ಎರಡನೇ ಬೆಳೆಗೆ ಒಂದು ಭಾಗದಲ್ಲಿ ಮಾಡಿ ನೋಡಿ.

ತಾಯಿಗಿಡದ ಮಡಿಯನ್ನು ಕತ್ತಲಲ್ಲಿ ಬಿಟ್ಟು ತೋಟಕ್ಕೆ ಎಷ್ಟು ದೀಪ ಹಾಕಿದರೂ ಉಪಯೋಗವಿಲ್ಲ. ತುಂಡು ಕೀಳುವ ಮಡಿಗೆ ವರ್ಷವಿಡೀ ರಾತ್ರಿ ದೀಪ ಬೇಕು. ಅಲ್ಲಿ ಮೊಗ್ಗು ಕಚ್ಚಿದ ತುಂಡು ಇಲ್ಲಿ ಬೇರು ಬಿಟ್ಟ ಮೇಲೂ ಮೊಗ್ಗನ್ನೇ ಮುಂದುವರಿಸುತ್ತದೆ. ಸಸಿ ಕೊಳ್ಳುವಾಗ ನರ್ಸರಿಯ ತಾಯಿಗಿಡಕ್ಕೆ ದೀಪ ಇದೆಯೇ ಎಂದು ನೋಡಿಯೇ ಮುಂಗಡ ಕೊಡಿ. ಬೆಳಕು ಸಾಲದೆ ಹೋದದ್ದು ಗಿಡದಲ್ಲೇ ಕಾಣುತ್ತದೆ: ತುದಿಯಲ್ಲಿ ಅರಳದೆ ನಿಂತ ಮೊಗ್ಗು, ಅದರ ಕೆಳಗಿನ ಎಲೆಗಳು ಕಚ್ಚುಗಳನ್ನು ಕಳೆದುಕೊಂಡು ಪಟ್ಟಿಯಂತೆ ಸಪೂರ. ಆ ಗಿಡಗಳು ಎಲ್ಲಿವೆ ಎಂದು ಗುರುತು ಹಾಕಿ ನೋಡಿದರೆ ಬಹಳ ಸಲ ಅವು ಒಂದೇ ಲೈನಿನ ಕೊನೆಯಲ್ಲೋ ಸತ್ತ ಬಲ್ಬಿನ ಕೆಳಗೋ ಇರುತ್ತವೆ. ತುದಿ ಚಿವುಟಿ, ದೀಪ ಸರಿಮಾಡಿ, ಎರಡು ವಾರ ಮುಂದುವರಿಸಿದರೆ ಪಕ್ಕದ ಕವಲು ಹೊರಡುತ್ತವೆ.

ನಾಟಿಯ ದಿನದಿಂದಲೇ ದೀಪ ಶುರು. ಮೂರನೇ ನಾಲ್ಕನೇ ವಾರಕ್ಕೆ ತುದಿ ಚಿವುಟಿ, ಪಕ್ಕದ ಕವಲು ಗೇಣುದ್ದ ಬರುವವರೆಗೆ, ಅಂದರೆ ಒಟ್ಟು ಐದಾರು ವಾರ ಹಾಕಿ ನಿಲ್ಲಿಸಿ. ನಿಲ್ಲಿಸಿದ ದಿನದಿಂದ ಹೂವಿಗೆ ತಳಿಯ ಪ್ರಕಾರ 8ರಿಂದ 10 ವಾರ. ಮೊದಲ ಕೊಯ್ಲಿಗಿಂತ ಎರಡು ಮೂರನೆಯದರಲ್ಲಿ ಹೂ ಜಾಸ್ತಿ, ಆದ್ದರಿಂದ ಆಯುಧಪೂಜೆಗೆ ಮಾರುಕಟ್ಟೆ ಹಿಡಿಯಬೇಕಿದ್ದರೆ 9 ವಾರದ ತಳಿಗೆ ಹಬ್ಬದ ಹತ್ತು ವಾರ ಮೊದಲೇ ದೀಪ ನಿಂತಿರಬೇಕು, ನಾಟಿ ಹದಿನೈದು ಹದಿನಾರು ವಾರ ಮೊದಲು ಆಗಿರಬೇಕು. ಏಪ್ರಿಲ್ ಮೇ ಸೆಕೆಯಲ್ಲಿ ದೀಪ ನಿಲ್ಲಿಸಿದರೆ ರಾತ್ರಿಯ ಬಿಸಿಗೆ ಮೊಗ್ಗು ಒಂದೆರಡು ವಾರ ತಡವಾಗುವುದನ್ನೂ ಲೆಕ್ಕಕ್ಕೆ ಸೇರಿಸಿ.

ಹೂ ಒಂದೇ ಸಲ ಬಂದು ಬೆಲೆ ಬೀಳದಿರಲೆಂದು ಭಾಗಭಾಗವಾಗಿ, ವಾರಕ್ಕೊಂದರಂತೆ ದೀಪ ನಿಲ್ಲಿಸುವವರು ಬೆಳಕಿನ ಸೋರಿಕೆಯನ್ನು ಮರೆಯಬಾರದು. ಉರಿಯುವ ಭಾಗದ ಬೆಳಕು ಪಕ್ಕದ ಆರಿಸಿದ ಭಾಗದ ಮೇಲೆ 10–20 ಲಕ್ಸ್ ಬಿದ್ದರೂ ಅಲ್ಲಿನ ನಾಲ್ಕೈದು ಸಾಲು ಮೊಗ್ಗಿಡದೆ ನಿಲ್ಲುತ್ತದೆ. ನಡುವೆ ಆಳೆತ್ತರ ಕಪ್ಪು ಪಾಲಿಥೀನ್ ಅಥವಾ ಎರಡು ಪದರ ನೆರಳುಬಲೆ ಕಟ್ಟಿ. ಬೀದಿದೀಪದ ಕಂಬ ಬದುವಿನಲ್ಲಿದ್ದರೂ ಇದೇ ಕತೆ. ಅದರ ಬೆಳಕು ಬೀಳುವಷ್ಟು ಜಾಗದಲ್ಲಿ ಸೇವಂತಿಗೆ ಬಿಟ್ಟು ಚೆಂಡುಹೂ ಹಾಕುವುದು ಲೇಸು. ಬೆಳದಿಂಗಳಿನ ಚಿಂತೆ ಬೇಡ, ಹುಣ್ಣಿಮೆಯ ಬೆಳಕು ಅರ್ಧ ಲಕ್ಸಿನಷ್ಟೂ ಇರುವುದಿಲ್ಲ. ಪಕ್ಕದ ಹೊಲದವರೂ ಸೇವಂತಿಗೆ ಇಟ್ಟಿದ್ದರೆ ಅವರು ಯಾವ ವಾರ ದೀಪ ಹಚ್ಚುತ್ತಾರೆ, ಯಾವ ವಾರ ಆರಿಸುತ್ತಾರೆ ಎಂದು ನಾಟಿಗೆ ಮೊದಲೇ ಮಾತಾಡಿಕೊಂಡು, ಪರದೆಯ ಖರ್ಚನ್ನು ಇಬ್ಬರೂ ಹಂಚಿಕೊಳ್ಳಬಹುದು.